ಗಂಟಲಲ್ಲಿ ನ್ಯುಮೋನಿಯಾ ರೋಗಾಣು ಸಿಕ್ಕಿದೆ, ಮೈ ಮಾತ್ರ ಚೆನ್ನಾಗಿದೆ: ಮಾತ್ರೆ ತಗೋಬೇಕಾ?

ಪ್ರಶ್ನೆ: ನಾನು ಸೇಡಂನವನು, ವಯಸ್ಸು 41, ತೊಗರಿ ವ್ಯಾಪಾರ. ಹೋದ ತಿಂಗಳು ನಮ್ಮ ತಂದೆಗೆ ನ್ಯುಮೋನಿಯಾ ಆಗಿ ಕಲಬುರಗಿಯಲ್ಲಿ ಅಡ್ಮಿಟ್ ಮಾಡಿದ್ದೆವು. ಅವರಿಗೆ 68, ಶುಗರ್ ಇದೆ, ಬೀಡಿ ಸೇದುತ್ತಾರೆ. ಈಗ ಹುಷಾರಾಗಿ ಮನೆಗೆ ಬಂದಿದ್ದಾರೆ. ಅವರ ರಕ್ತದಲ್ಲಿ ಸ್ಟ್ರೆಪ್ಟೊಕಾಕಸ್ ನ್ಯುಮೋನಿಯೆ ಬೆಳೆದಿದೆ ಎಂದು ರಿಪೋರ್ಟ್ ಬಂದಿತ್ತು. ಪರಿಚಯದವರ ಮಾತು ಕೇಳಿ ನಾನು, ಹೆಂಡತಿ, ಮೂರು ವರ್ಷದ ಮಗಳು ಮೂವರೂ ಒಂದು ಲ್ಯಾಬಿನಲ್ಲಿ ಗಂಟಲಿನ ಸ್ವಾಬ್ ಕೊಟ್ಟೆವು. ನನಗೂ ಮಗಳಿಗೂ ಅದೇ ರೋಗಾಣು ಬಂದಿದೆ. ನನಗೆ ಕೆಮ್ಮಿಲ್ಲ, ಜ್ವರ ಇಲ್ಲ, ದಿನಾ ಅಡತಿಗೆ ಹೋಗಿ ಬರುತ್ತೇನೆ. ನನಗೆ ನ್ಯುಮೋನಿಯಾ ಇದೆಯಾ? ಅಪ್ಪನಿಗೆ ನನ್ನಿಂದಲೇ ಬಂತಾ? ರಿಪೋರ್ಟಿನ ಕೆಳಗೆ ಹತ್ತು ಔಷಧಿಗಳ ಹೆಸರು ಬರೆದಿದ್ದಾರೆ. ಅದರಲ್ಲಿ ಯಾವುದನ್ನು ತಗೊಳ್ಳಲಿ? ಹದಿನೈದು ದಿನ ಬಿಟ್ಟು ಮತ್ತೆ ಟೆಸ್ಟ್ ಮಾಡಿಸಬೇಕಾ?

ಉತ್ತರ: ಯಾವುದನ್ನೂ ತಗೋಬೇಡಿ. ಮೊದಲು ಇದನ್ನ ಹೇಳಿಬಿಡುತ್ತೇನೆ, ಯಾಕಂದ್ರೆ ಆ ರಿಪೋರ್ಟ್ ಹಿಡಿದುಕೊಂಡು ಮೆಡಿಕಲ್ ಅಂಗಡಿಗೆ ಹೋದರೆ ಐದು ನಿಮಿಷದಲ್ಲಿ ನಿಮ್ಮ ಕೈಗೆ ಮಾತ್ರೆ ಬಂದಿರುತ್ತದೆ. ನಿಮಗೆ ನ್ಯುಮೋನಿಯಾ ಇಲ್ಲ. ಆಡಿಕೊಂಡಿರುವ ನಿಮ್ಮ ಮಗಳಿಗೂ ಇಲ್ಲ. ನ್ಯುಮೋನಿಯಾ ಅಂದರೆ ಶ್ವಾಸಕೋಶದೊಳಗಿನ ಪುಟ್ಟ ಪುಟ್ಟ ಗಾಳಿಚೀಲಗಳಲ್ಲಿ ನೀರು, ಕೀವು ತುಂಬಿಕೊಳ್ಳುವುದು. ಅದಾದವರು ಅಡತಿಯಲ್ಲಿ ನಿಂತು ಹರಾಜು ಕೂಗುವುದಿಲ್ಲ. ನಿಮ್ಮ ಮೂಗು, ಗಂಟಲಿನ ಒಳಪದರದ ಮೇಲೆ ಒಂದು ರೋಗಾಣು ಸದ್ಯಕ್ಕೆ ಕೂತಿದೆ, ಅಷ್ಟೇ. ಅದು ಅಲ್ಲಿ ಕೂತಿರುವುದು ಬೇರೆ, ಶ್ವಾಸಕೋಶಕ್ಕೆ ಇಳಿದು ರೋಗ ತರುವುದು ಬೇರೆ.

ಇಂಥವರು ಎಷ್ಟು ಜನ ಇದ್ದಾರೆ? ನೀವು ಅಂದುಕೊಂಡಿದ್ದಕ್ಕಿಂತ ಬಹಳ ಜಾಸ್ತಿ. ಈ ರೋಗಾಣುವನ್ನು ಚಿಕ್ಕದಾಗಿ ನ್ಯುಮೋಕಾಕಸ್ ಅನ್ನುತ್ತಾರೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಲಸಿಕೆ ಕೈಪಿಡಿಯ ಹಿಂದಿನ ಆವೃತ್ತಿ ಕೊಟ್ಟ ಅಂದಾಜು ಹೀಗಿದೆ: ಮನೆಯಲ್ಲಿ ಚಿಕ್ಕ ಮಕ್ಕಳಿಲ್ಲದ ದೊಡ್ಡವರಲ್ಲಿ 100ಕ್ಕೆ 5ರಿಂದ 10 ಜನರ ಮೂಗು, ಗಂಟಲಲ್ಲಿ ಇದು ಸಿಗುತ್ತದೆ. ಶಾಲೆ, ಅನಾಥಾಲಯಗಳಲ್ಲಿ ಒಟ್ಟಿಗೆ ಇರುವವರಲ್ಲಿ 27ರಿಂದ 58 ಜನರಲ್ಲಿ. ಸೈನಿಕರ ಶಿಬಿರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಲ್ಲೂ ಇರಬಹುದು. ಅಲ್ಲಿರುವವರು ಬೆಳಗ್ಗೆ ಎದ್ದು ಮೈಲುಗಟ್ಟಲೆ ಓಡುವ ಹುಡುಗರು! ಜನ ಎಷ್ಟು ಒತ್ತೊತ್ತಾಗಿ ಇರುತ್ತಾರೆ, ಅವರ ನಡುವೆ ಎಷ್ಟು ಮಕ್ಕಳಿದ್ದಾರೆ ಅನ್ನುವುದರ ಮೇಲೆ ಲೆಕ್ಕ ಏರುತ್ತದೆ, ಇಳಿಯುತ್ತದೆ.

ಮಕ್ಕಳ ಲೆಕ್ಕವೇ ಬೇರೆ. ತಮಿಳುನಾಡಿನ ಹಳ್ಳಿಗಳ ಕೂಸುಗಳನ್ನು ಪರೀಕ್ಷೆ ಮಾಡಿದಾಗ, ಎರಡು ತಿಂಗಳು ತುಂಬುವಷ್ಟರಲ್ಲೇ ಅರ್ಧಕ್ಕಿಂತ ಹೆಚ್ಚು ಕೂಸುಗಳ ಮೂಗಲ್ಲಿ ಇದು ಬಂದು ಸೇರಿತ್ತು. ನಮ್ಮಂಥ ದೇಶಗಳಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಇದು ಇಲ್ಲದ ಮಗುವನ್ನು ಹುಡುಕುವುದೇ ಕಷ್ಟ ಅನ್ನುವ ಊರುಗಳೂ ಇವೆ. ಒಂದು ಅಂಗನವಾಡಿಯಲ್ಲಿ ಮೂಗು ಸೋರಿಸಿಕೊಂಡು ಕೂತ ಮಕ್ಕಳೆಲ್ಲರ ಸ್ವಾಬ್ ತೆಗೆದು ನಮ್ಮ ಲ್ಯಾಬಿಗೆ ಕಳಿಸಿದರೆ, ಬಹಳಷ್ಟು ಮಕ್ಕಳ ಸ್ವಾಬಿನಿಂದ ಇದು ಬೆಳೆಯುತ್ತದೆ. ಹಾಗಂತ ಆ ಅಂಗನವಾಡಿ ಮುಚ್ಚಿಸುತ್ತೀರಾ?

ಇದು ಇವತ್ತಿನ ಹೊಸ ಸಂಗತಿ ಅಲ್ಲ. ಈ ರೋಗಾಣು ಮೊದಲು ಪತ್ತೆಯಾದ ಕಥೆಯಲ್ಲೇ ಒಬ್ಬ ಆರೋಗ್ಯವಂತ ಮನುಷ್ಯ ಇದ್ದಾನೆ. ಜಾರ್ಜ್ ಸ್ಟರ್ನ್‌ಬರ್ಗ್ ಅಂತ ಅಮೆರಿಕದ ಸೇನೆಯ ವೈದ್ಯ. ಆತ ತನ್ನದೇ ಉಗುಳನ್ನು ಮೊಲಗಳಿಗೆ ಚುಚ್ಚಿದ. ಮೊಲಗಳು ಸತ್ತವು. ಅವುಗಳ ರಕ್ತದಲ್ಲಿ ಜೋಡಿ ಜೋಡಿಯಾಗಿರುವ ದುಂಡು ರೋಗಾಣು ಕಂಡಿತು. ಸ್ಟರ್ನ್‌ಬರ್ಗ್‌ಗೆ ಮಾತ್ರ ಏನೂ ಆಗಿರಲಿಲ್ಲ, ಗಟ್ಟಿಮುಟ್ಟಾಗಿದ್ದ. ಅದೇ ಹೊತ್ತಿಗೆ ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ ಹುಚ್ಚುನಾಯಿ ರೋಗದಿಂದ ತೀರಿಕೊಂಡ ಒಂದು ಮಗುವಿನ ಜೊಲ್ಲಿನಿಂದ ಇದನ್ನೇ ಬೇರ್ಪಡಿಸಿದ್ದರು. ಇಬ್ಬರೂ 1881ರಲ್ಲಿ ಪ್ರಕಟಿಸಿದರು. ನ್ಯುಮೋನಿಯಾಗೆ ಇದೇ ಮುಖ್ಯ ಕಾರಣ ಅನ್ನುವುದು ಗಟ್ಟಿಯಾಗಿದ್ದು ಅದಾದ ಮೇಲೆ ಕೆಲವು ವರ್ಷಕ್ಕೆ. ಒಟ್ಟಿನಲ್ಲಿ ನೀವು ಇವತ್ತು ಕೇಳುತ್ತಿರುವ ಪ್ರಶ್ನೆ 140 ವರ್ಷ ಹಳೆಯದು. ಉಗುಳಲ್ಲಿ ಮೊಲ ಕೊಲ್ಲುವ ರೋಗಾಣು ಇಟ್ಟುಕೊಂಡ ಮನುಷ್ಯ ಆರಾಮಾಗಿ ಓಡಾಡುತ್ತಾನಲ್ಲ, ಹೇಗೆ?

ಉತ್ತರ ಇರುವುದು ನಮ್ಮ ಮೈಯ ಕಾವಲಿನಲ್ಲಿ. ನಾವು ನಿದ್ದೆಯಲ್ಲಿದ್ದಾಗ ಗಂಟಲಿನ ಜೊಲ್ಲು ಚೂರು ಚೂರು ಶ್ವಾಸನಾಳಕ್ಕೆ ಇಳಿಯುತ್ತದೆ. ಪ್ರಯೋಗಗಳಲ್ಲಿ ನೋಡಿದರೆ ಆರೋಗ್ಯವಂತರಲ್ಲೂ ಹತ್ತಿರಹತ್ತಿರ ಅರ್ಧದಷ್ಟು ಜನರಲ್ಲಿ ಇದು ಕಂಡಿದೆ. ಅಂದರೆ ರೋಗಾಣು ಒಂದಿಷ್ಟು ಕೆಳಗೆ ಹೋಗುತ್ತಲೇ ಇರುತ್ತದೆ. ಆದರೆ ಶ್ವಾಸನಾಳದ ಗೋಡೆಗೆ ಸಣ್ಣ ರೋಮಗಳಿವೆ, ಅವು ಲೋಳೆಯನ್ನು ಹಗಲೂ ರಾತ್ರಿ ಮೇಲಕ್ಕೆ ತಳ್ಳುತ್ತವೆ. ಅದನ್ನೂ ದಾಟಿ ಕೆಳಗೆ ಇಳಿದಿದ್ದನ್ನು ಗಾಳಿಚೀಲಗಳಲ್ಲಿ ಕಾಯುತ್ತಿರುವ ಮ್ಯಾಕ್ರೋಫೇಜ್ ಅನ್ನುವ ರಕ್ಷಕ ಕೋಶಗಳು ನುಂಗಿಹಾಕುತ್ತವೆ. ಇನ್ನೊಂದು ಕಡೆ, ಮೂಗಲ್ಲಿ ಕೂತ ರೋಗಾಣುವಿನ ಪರಿಚಯ ಆಗಿ ಆಗಿ ಮೈ ಅದರ ವಿರುದ್ಧ ಪ್ರತಿಕಾಯ ತಯಾರು ಮಾಡಿಕೊಳ್ಳುತ್ತದೆ. ದೊಡ್ಡವರಲ್ಲಿ ಇದು ಸಾಮಾನ್ಯವಾಗಿ ಕೆಲವು ವಾರ ಇದ್ದು ತಾನಾಗಿ ಹೋಗುತ್ತದೆ. ಮಕ್ಕಳಲ್ಲಿ ತಿಂಗಳುಗಟ್ಟಲೆ ಇರಬಹುದು. ಒಂದು ತಳಿ ಹೋದ ಮೇಲೆ ಇನ್ನೊಂದು ಬರುತ್ತದೆ. ನಿಮ್ಮ ಈ 41 ವರ್ಷಗಳಲ್ಲಿ ಇದು ನಿಮಗೆ ಗೊತ್ತಿಲ್ಲದೇ ಎಷ್ಟೋ ಸಲ ಬಂದು ಹೋಗಿದೆ. ಈ ಸಲ ಯಾರೋ ಸ್ವಾಬ್ ಹಾಕಿ ನೋಡಿದರು, ಅಷ್ಟೇ ವ್ಯತ್ಯಾಸ.

ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಒಂದು ಸಂಶೋಧಕರ ತಂಡ ಇದನ್ನೇ ಪ್ರಯೋಗವಾಗಿ ಮಾಡುತ್ತಾ ಬಂದಿದೆ. ಆರೋಗ್ಯವಂತ ಸ್ವಯಂಸೇವಕರ ಮೂಗಿಗೆ ಅಳೆದು ತೂಗಿ ಈ ರೋಗಾಣುವಿನ ಹನಿ ಬಿಡುತ್ತಾರೆ. ಹತ್ತಿರಹತ್ತಿರ ಅರ್ಧದಷ್ಟು ಜನರಲ್ಲಿ ಅದು ನೆಲೆ ನಿಲ್ಲುತ್ತದೆ. ಅವರು ಮನೆಗೆ ಹೋಗಿ ತಮ್ಮ ಕೆಲಸ ನೋಡಿಕೊಳ್ಳುತ್ತಾರೆ. ಇದೇ ತಂಡ ಇನ್ನೊಂದು ವಿಷಯವನ್ನೂ ತೋರಿಸಿತು: ಕೈಗೆ ಅಂಟಿದ ರೋಗಾಣು ಮೂಗು ಉಜ್ಜಿಕೊಂಡರೆ, ಮೂಗಿಗೆ ಬೆರಳು ಹಾಕಿಕೊಂಡರೂ ಸಾಕು, ಒಳಗೆ ಸೇರಿಕೊಳ್ಳುತ್ತದೆ. ಮೂಗಿಗೆ ಬೆರಳು ಹಾಕಬೇಡ ಅಂತ ನಮ್ಮ ಅಜ್ಜಿಯಂದಿರು ಬೈಯುತ್ತಿದ್ದರಲ್ಲ, ಆ ಬೈಗುಳಕ್ಕೆ 2018ರಲ್ಲಿ ವಿಜ್ಞಾನದ ಮುದ್ರೆ ಬಿತ್ತು.

ಈಗ ನಿಮ್ಮ ರಿಪೋರ್ಟಿಗೆ ಬರೋಣ. ಅದು ಹೇಗೆ ತಯಾರಾಗುತ್ತದೆ ಗೊತ್ತಾದರೆ ಅರ್ಧ ಭಯ ಹೋಗುತ್ತದೆ.

ಸ್ವಾಬ್ ಬಂದ ಮೇಲೆ ಅದನ್ನು ಕುರಿಯ ರಕ್ತ ಬೆರೆಸಿದ, ರೋಗಾಣು ಬೆಳೆಸುವ ಕೆಂಪು ಪ್ಲೇಟಿನ ಮೇಲೆ ಎಳೆಯುತ್ತೇವೆ. ಸ್ವಲ್ಪ ಇಂಗಾಲದ ಡೈಆಕ್ಸೈಡ್ ಇರುವ ಡಬ್ಬಿಯಲ್ಲಿ 35 ಡಿಗ್ರಿ ಕಾವಿನಲ್ಲಿ ರಾತ್ರಿಯಿಡೀ ಇಡುತ್ತೇವೆ. ದೊಡ್ಡ ಇನ್‌ಕ್ಯುಬೇಟರ್ ಇಲ್ಲದ ಕಡೆ ಡಬ್ಬಿಯೊಳಗೆ ಒಂದು ಮೋಂಬತ್ತಿ ಹಚ್ಚಿ ಮುಚ್ಚಳ ಬಿಗಿಯುತ್ತಾರೆ, ಅದು ಆರಿ ಹೋಗುವಷ್ಟರಲ್ಲಿ ಬೇಕಾದಷ್ಟು ಅನಿಲ ಆಗಿರುತ್ತದೆ. ಬೆಳಗ್ಗೆ ತೆಗೆದು ಬೆಳಕಿಗೆ ಹಿಡಿದರೆ ಕೆಂಪು ಹಾಸಿನ ಮೇಲೆ ಸಣ್ಣ ಸಣ್ಣ ಹನಿಗಳು, ಪ್ರತಿ ಹನಿಯ ಸುತ್ತ ಹಸಿರು ಛಾಯೆ. ಇನ್ನೊಂದು ದಿನ ಬಿಟ್ಟರೆ ಹನಿಯ ನಡುಭಾಗ ಒಳಗೆ ಕುಸಿದು ಅಂಚು ಎದ್ದು ನಿಲ್ಲುತ್ತದೆ, ಥೇಟ್ ಕೇರಂ ಕಾಯಿಯ ಹಾಗೆ. ರೋಗಾಣು ತನ್ನನ್ನು ತಾನೇ ಕರಗಿಸಿಕೊಳ್ಳುವ ಕಿಣ್ವ ಇಟ್ಟುಕೊಂಡಿದೆ, ಹಳೆಯ ಕೋಶಗಳು ಮಧ್ಯದಲ್ಲಿ ಸತ್ತು ಕರಗುತ್ತವೆ, ಅದಕ್ಕೇ ಈ ಗುಂಡಿ.

ಆದರೆ ಗಂಟಲಲ್ಲಿ ಇದರ ದಾಯಾದಿಗಳು ತುಂಬಾ ಇದ್ದಾರೆ. ವಿರಿಡನ್ಸ್ ಅನ್ನುವ ಗುಂಪಿನ ಸ್ಟ್ರೆಪ್ಟೊಕಾಕಸ್‌ಗಳು ಎಲ್ಲರ ಬಾಯಲ್ಲೂ ಸದಾ ಇರುವಂಥವು, ಅವೂ ಇದೇ ಹಸಿರು ಛಾಯೆ ಬಿಡುತ್ತವೆ. ಎರಡನ್ನೂ ಬೇರೆ ಮಾಡಲು ಆಪ್ಟೊಚಿನ್ ಅನ್ನುವ ಪುಟ್ಟ ಬಿಲ್ಲೆ ಇಟ್ಟು, ಅದರ ಸುತ್ತ 14 ಮಿಲಿಮೀಟರ್ ಅಥವಾ ಹೆಚ್ಚು ಜಾಗ ಖಾಲಿ ಆಯಿತಾ ಎಂದು ಅಳೆಯುತ್ತೇವೆ. ಪಿತ್ತದ ಲವಣದಲ್ಲಿ ಕರಗುತ್ತದಾ ಎಂದೂ ನೋಡುತ್ತೇವೆ. ಎರಡೂ ಹೌದಾದರೆ ಅದು ನ್ಯುಮೋಕಾಕಸ್. ಇಷ್ಟು ಮಾಡದೆ ಹಸಿರು ಕಂಡ ಕೂಡಲೇ ಹೆಸರು ಬರೆದರೆ ತಪ್ಪಾಗುವ ಸಾಧ್ಯತೆ ಇದೆ. ನಿಮ್ಮ ರಿಪೋರ್ಟ್ ತಪ್ಪು ಎಂದು ನಾನು ಹೇಳುತ್ತಿಲ್ಲ. ಗಂಟಲಿನ ಸ್ವಾಬ್ ಅನ್ನುವುದೇ ಇಂಥ ಕಲಸುಮೇಲೋಗರದ ಜಾಗದಿಂದ ಬರುವ ಮಾದರಿ.

ನಿಮ್ಮ ತಂದೆಯವರ ರಿಪೋರ್ಟ್ ಹಾಗಲ್ಲ. ಅದು ರಕ್ತದ ಕಲ್ಚರ್, ಅಂದರೆ ರಕ್ತದಿಂದ ರೋಗಾಣು ಬೆಳೆಸಿ ನೋಡುವ ಪರೀಕ್ಷೆ. ರಕ್ತದಲ್ಲಿ ಯಾವ ರೋಗಾಣುವೂ ಇರಬಾರದು. ಅಲ್ಲಿ ನ್ಯುಮೋಕಾಕಸ್ ಬೆಳೆದರೆ ಅದಕ್ಕೆ ಎರಡನೇ ಅರ್ಥ ಇಲ್ಲ, ಕೂಡಲೇ ಚಿಕಿತ್ಸೆ ಬೇಕು. ಅವರಿಗೆ ಸಿಕ್ಕಿತು, ಬದುಕಿ ಬಂದರು. ಒಂದೇ ಹೆಸರಿನ ರೋಗಾಣು ಒಬ್ಬರ ರಕ್ತದಲ್ಲಿ ಸಿಗುವುದಕ್ಕೂ ಇನ್ನೊಬ್ಬರ ಗಂಟಲಲ್ಲಿ ಸಿಗುವುದಕ್ಕೂ ಅಜಗಜಾಂತರ. ಕಫದ ಪರೀಕ್ಷೆ ಇವೆರಡರ ನಡುವೆ ಬರುತ್ತದೆ. ಅದಕ್ಕೇ ಕಫ ಬಂದಾಗ ನಾವು ಮೊದಲು ಮೈಕ್ರೋಸ್ಕೋಪಿನಲ್ಲಿ ನೋಡುತ್ತೇವೆ: ಒಂದು ನೋಟಕ್ಕೆ ಕಾಣುವ ಜಾಗದಲ್ಲಿ ಕೀವು ಕೋಶಗಳು 25ಕ್ಕಿಂತ ಹೆಚ್ಚು, ಬಾಯಿಯ ಚರ್ಮದ ಕೋಶಗಳು 10ಕ್ಕಿಂತ ಕಡಿಮೆ ಇದ್ದರೆ ಅದು ಎದೆಯಿಂದ ಬಂದ ಕಫ. ಇಲ್ಲದಿದ್ದರೆ ಅದು ಬರೀ ಉಗುಳು, ವಾಪಸ್ ಕಳಿಸಿ ಇನ್ನೊಂದು ಕೇಳುತ್ತೇವೆ. ಜನ ಬೇಜಾರು ಮಾಡಿಕೊಳ್ಳುತ್ತಾರೆ, ಏನು ಮಾಡೋದು.

ನಿಮ್ಮ ರಿಪೋರ್ಟಿನ ಕೆಳಗಿನ ಹತ್ತು ಔಷಧಿಗಳ ಪಟ್ಟಿ ಇದೆಯಲ್ಲ, ಅದು ಔಷಧಿ ಚೀಟಿ ಅಲ್ಲ. ಪ್ಲೇಟಿನ ಮೇಲೆ ಯಾವ ಔಷಧಿ ಈ ರೋಗಾಣುವನ್ನು ತಡೆಯಿತು, ಯಾವುದಕ್ಕೆ ಅದು ಬಗ್ಗಲಿಲ್ಲ ಅನ್ನುವ ಪಟ್ಟಿ. ರೋಗ ಇದ್ದರೆ ಮಾತ್ರ ಡಾಕ್ಟರು ಅದನ್ನು ನೋಡುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಆರೋಗ್ಯವಂತರ ಗಂಟಲಿನ ಸ್ವಾಬಿಗೆ ಈ ಪಟ್ಟಿ ಕೊಡಲೇಬಾರದು. ಕೊಟ್ಟರೆ ಜನ ಇದನ್ನ ಮೆನು ಕಾರ್ಡ್ ಥರ ಓದುತ್ತಾರೆ.

ಪಾಸಿಟಿವ್ ಅಂದ ಕೂಡಲೇ ಎದೆ ಧಸಕ್ಕೆನ್ನುವುದು ನನಗೆ ಅರ್ಥ ಆಗುತ್ತದೆ. ಕೋವಿಡ್‌ನಿಂದ ದೇಶದ ಮೊದಲ ಸಾವು ದಾಖಲಾಗಿದ್ದು ನಮ್ಮ ಕಲಬುರಗಿಯಲ್ಲೇ, 2020ರ ಮಾರ್ಚ್‌ನಲ್ಲಿ. ಮುಂದೆ ಎರಡು ವರ್ಷ ಈ ಭಾಗದ ಜನ ಮೂಗಿಗೆ ಕಡ್ಡಿ ಹಾಕಿಸಿಕೊಂಡು, ಪಾಸಿಟಿವ್ ಬಂದವರ ಮನೆ ಮುಂದೆ ಪಟ್ಟಿ ಕಟ್ಟಿದ್ದನ್ನು ನೋಡಿದ್ದಾರೆ. ಸ್ವಾಬ್ ಅಂದರೆ ರೋಗ, ರೋಗ ಅಂದರೆ ದೂರ ಇರೋದು, ಇದು ತಲೆಯಲ್ಲಿ ಕೂತುಬಿಟ್ಟಿದೆ. ಆ ಲೆಕ್ಕವನ್ನು ಮೂಗು, ಗಂಟಲಲ್ಲಿ ಸಹಜವಾಗಿ ಬಂದುಹೋಗುವ ರೋಗಾಣುಗಳಿಗೆ ಹಾಕಿದರೆ ಊರಿಗೆ ಊರೇ ಪಾಸಿಟಿವ್ ಆಗುತ್ತದೆ. ಸ್ಟ್ಯಾಫಿಲೊಕಾಕಸ್ ಆರಿಯಸ್ ಅನ್ನುವ ಇನ್ನೊಂದು ರೋಗಾಣು ಕೂಡ ನ್ಯುಮೋನಿಯಾ ತರಬಲ್ಲದು. ಅದು ಸುಮಾರು ಮೂರರಿಂದ ಐದು ಜನರಲ್ಲಿ ಒಬ್ಬರ ಮೂಗಿನ ಹೊಳ್ಳೆಯಲ್ಲಿ ಇರುತ್ತದೆ. ಹೀಮೊಫಿಲಸ್ ಇನ್‌ಫ್ಲುಯೆಂಜೆ ಕೂಡ ಹಾಗೆಯೇ, ಮಕ್ಕಳ ಗಂಟಲಲ್ಲಿ ಬೇಕಾದಷ್ಟು.

ಆದರೆ ಎಲ್ಲ ರೋಗಾಣುವಿಗೂ ಈ ಮಾತು ಹೊಂದುವುದಿಲ್ಲ, ಇಲ್ಲಿ ಎಚ್ಚರ ಬೇಕು. ಕಫದಲ್ಲಿ ಕ್ಷಯದ ರೋಗಾಣು ಸಿಕ್ಕರೆ "ನನಗೆ ಏನೂ ಆಗಿಲ್ಲ, ಸುಮ್ನೆ ಇದೆ" ಅನ್ನುವಂತಿಲ್ಲ, ಪೂರ್ತಿ ಚಿಕಿತ್ಸೆ ತಗೊಳ್ಳಲೇಬೇಕು, ಮನೆಯವರ ತಪಾಸಣೆಯೂ ಆಗಬೇಕು. ಗಂಟಲಮಾರಿ ಬಂದ ಮನೆಯಲ್ಲಿ, ಮೆನಿಂಗೊಕಾಕಸ್ ಮೆದುಳು ಜ್ವರ ಬಂದ ಮನೆಯಲ್ಲಿ ಜೊತೆಗಿದ್ದವರಿಗೂ ಮುಂಜಾಗ್ರತೆಯಾಗಿ ಆಂಟಿಬಯಾಟಿಕ್ ಕೊಡುತ್ತಾರೆ. ನ್ಯುಮೋಕಾಕಸ್ ಆ ಸಾಲಿನಲ್ಲಿ ಬರುವುದಿಲ್ಲ. ಹಾಗಾಗಿ ರೋಗಿಯ ಮನೆಯ ಆರೋಗ್ಯವಂತರಿಗೆಲ್ಲ ಸ್ವಾಬ್ ಮಾಡಿಸುವ ಅಗತ್ಯವೇ ಇರಲಿಲ್ಲ.

ಮತ್ತೆ ತಂದೆಯವರಿಗೆ ಯಾಕೆ ಬಂತು? ಇದೇ ನಿಮ್ಮ ಪ್ರಶ್ನೆಯ ಮುಖ್ಯ ಭಾಗ ಅನ್ನಿಸುತ್ತದೆ ನನಗೆ.

ರೋಗಾಣು ಒಂದೇ ಸಾಲದು. ಇದನ್ನು ಬಹಳ ಚೆನ್ನಾಗಿ ತೋರಿಸಿದ್ದು ಇಸ್ರೇಲಿನ ಒಂದು ಅಧ್ಯಯನ. ಕೋವಿಡ್ ಲಾಕ್‌ಡೌನ್ ಸಮಯದಲ್ಲಿ ಅಲ್ಲಿನ ಮಕ್ಕಳಲ್ಲಿ ನ್ಯುಮೋಕಾಕಸ್ ರೋಗ ಗಣನೀಯವಾಗಿ ಇಳಿಯಿತು. ಎಲ್ಲರೂ ಅಂದುಕೊಂಡಿದ್ದು, ಮಕ್ಕಳು ಮನೆಯಲ್ಲಿದ್ದರು, ರೋಗಾಣು ಹರಡಲಿಲ್ಲ ಎಂದು. ಮೂಗಿನ ಸ್ವಾಬ್ ತೆಗೆದು ನೋಡಿದರೆ ರೋಗಾಣು ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು! ಕಾಣೆಯಾಗಿದ್ದು ಫ್ಲೂ, ಆರ್‌ಎಸ್‌ವಿ ಮುಂತಾದ ವೈರಸ್‌ಗಳು. ವೈರಸ್ ಬಂದು ಶ್ವಾಸನಾಳದ ಒಳಪದರ ಕಿತ್ತು, ಆ ರೋಮಗಳ ಕೆಲಸ ನಿಂತಾಗ ನ್ಯುಮೋಕಾಕಸ್‌ಗೆ ದಾರಿ ಸುಲಭವಾಗುತ್ತದೆ. 1918ರ ಫ್ಲೂ ಮಾರಿಯಲ್ಲಿ ಸತ್ತವರಲ್ಲಿ ಬಹುಪಾಲು ಜನ ವೈರಸ್ಸಿನ ಬೆನ್ನಿಗೆ ಬಂದ ಇಂಥ ಬ್ಯಾಕ್ಟೀರಿಯಾ ನ್ಯುಮೋನಿಯಾದಿಂದಲೇ ಸತ್ತರು ಎಂದು ಆಗಿನ ಶ್ವಾಸಕೋಶದ ಮಾದರಿಗಳನ್ನು ಮತ್ತೆ ಪರೀಕ್ಷಿಸಿದ ತಜ್ಞರು ಹೇಳಿದ್ದಾರೆ. ನಮ್ಮ ಹಿರಿಯರು "ಥಂಡಿ ಎದಿಗೆ ಇಳದಾದ" ಅನ್ನುವುದರಲ್ಲಿ ಕ್ರಮ ಸರಿಯಾಗಿಯೇ ಇದೆ. ಮೊದಲು ನೆಗಡಿ, ನಾಲ್ಕೈದು ದಿನಕ್ಕೆ ಸ್ವಲ್ಪ ಹುಷಾರು, ಆಮೇಲೆ ಇದ್ದಕ್ಕಿದ್ದಂತೆ ನಡುಕದ ಜ್ವರ. ನಿಮ್ಮ ತಂದೆಯವರಿಗೂ ಅಡ್ಮಿಟ್ ಆಗುವ ಮುಂಚೆ ನೆಗಡಿ ಆಗಿತ್ತಾ, ನೆನಪು ಮಾಡಿಕೊಳ್ಳಿ.

ವೈರಸ್ ಜೊತೆಗೆ ಬೀಡಿ. ಹೊಗೆ ಆ ರೋಮಗಳನ್ನೇ ಸುಡುತ್ತದೆ. ಸೇದುವವರಲ್ಲಿ ನ್ಯುಮೋಕಾಕಸ್ ರಕ್ತಕ್ಕೆ ಇಳಿಯುವ ಅಪಾಯ ಸೇದದವರಿಗಿಂತ ಬಹಳ ಹೆಚ್ಚು, ಬಿಟ್ಟರೆ ವರ್ಷ ಕಳೆದಂತೆ ಇಳಿಯುತ್ತಾ ಬರುತ್ತದೆ. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಬಿಳಿ ರಕ್ತಕಣಗಳು ಮಂಕಾಗುತ್ತವೆ. ಕುಡಿತ ಇದ್ದರೆ ಕೆಮ್ಮಿ ಹೊರಹಾಕುವ ಶಕ್ತಿಯೇ ಕುಗ್ಗುತ್ತದೆ. ಇನ್ನು ನಮ್ಮ ಭಾಗದ ಧೂಳು, ಹೊಗೆ ಬೇರೆ. ಶಹಾಬಾದ್ ಕಲ್ಲಿನ ಗಣಿ, ಪಾಲಿಶ್ ಘಟಕಗಳು, ದಾಲ್ ಮಿಲ್‌ಗಳು, ಕಟ್ಟಿಗೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವ ಹೆಣ್ಣುಮಕ್ಕಳು. ವೆಲ್ಡಿಂಗ್ ಮಾಡುವವರ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ: ಲೋಹದ ಹೊಗೆ ಕುಡಿಯುವವರಿಗೆ ನ್ಯುಮೋಕಾಕಸ್ ನ್ಯುಮೋನಿಯಾ ಅಪಾಯ ಹೆಚ್ಚು ಎಂದು ಬ್ರಿಟನ್ನಿನಲ್ಲಿ ವೆಲ್ಡರ್‌ಗಳಿಗೆ ಈ ಲಸಿಕೆ ಹಾಕಿಸುವ ಶಿಫಾರಸೇ ಇದೆ. ಕಪನೂರು ಕೈಗಾರಿಕಾ ಪ್ರದೇಶದಲ್ಲಿ ಮುಖಕ್ಕೆ ಒಂದು ಕರವಸ್ತ್ರ ಸುತ್ತಿಕೊಂಡು ವೆಲ್ಡಿಂಗ್ ಮಾಡುವ ಹುಡುಗರಿಗೆ ಇದನ್ನ ಯಾರು ಹೇಳಬೇಕು?

ಒಂದು ವಿಚಿತ್ರ ನೋಡಿ. ಅರವತ್ತೈದು ದಾಟಿದವರ ಮೂಗಿನ ಸ್ವಾಬ್ ಕಲ್ಚರ್ ಮಾಡಿದರೆ ಈ ರೋಗಾಣು ಸಿಗುವುದು ಬಹಳ ಕಡಿಮೆ, ಮಕ್ಕಳಿಗೆ ಹೋಲಿಸಿದರೆ ಏನೇನೂ ಅಲ್ಲ. ಆದರೆ ಇದರಿಂದ ಆಸ್ಪತ್ರೆ ಸೇರುವ ದೊಡ್ಡವರಲ್ಲಿ ಅವರದೇ ದೊಡ್ಡ ಪಾಲು. ಇತ್ತೀಚೆಗೆ ಉಗುಳನ್ನು ಪಿಸಿಆರ್ ಮಾಡಿ ನೋಡಿದಾಗ ಹಿರಿಯರಲ್ಲೂ ಕಲ್ಚರ್ ತೋರಿಸಿದ್ದಕ್ಕಿಂತ ಹಲವು ಪಟ್ಟು ಹೆಚ್ಚು ಸಿಗುತ್ತಿದೆ, ಅಂದರೆ ನಮ್ಮ ಹಳೆಯ ಅಂಕಿಗಳು ಸ್ವಲ್ಪ ಕಡಿಮೆಯೇ ಹೇಳುತ್ತಿದ್ದವು. ಹಾಗಿದ್ದರೂ ಹಿರಿಯರಿಗೆ ಹೊಸ ತಳಿ ತಲುಪುವುದು ಹೆಚ್ಚಾಗಿ ಮಕ್ಕಳ ಮೂಲಕ.

ಹಾಗಾದರೆ ಅಪ್ಪನಿಗೆ ನಿಮ್ಮಿಂದ ಬಂತಾ, ಮಗಳಿಂದ ಬಂತಾ? ಹೇಳಲು ಆಗುವುದಿಲ್ಲ. ಈ ರೋಗಾಣುವಿನಲ್ಲಿ 100ಕ್ಕೂ ಹೆಚ್ಚು ತಳಿಗಳಿವೆ, ಮೈಮೇಲಿನ ಸಕ್ಕರೆಯ ಕವಚ ಪ್ರತಿಯೊಂದಕ್ಕೂ ಬೇರೆ. ನಿಮ್ಮದು, ಮಗಳದು, ತಂದೆಯವರದು ಮೂರೂ ಒಂದೇ ತಳಿಯಾ ಅನ್ನುವುದನ್ನು ಸಾಮಾನ್ಯ ಲ್ಯಾಬ್ ನೋಡುವುದಿಲ್ಲ. ರಿಪೋರ್ಟಿನಲ್ಲಿ ಹೆಸರು ಒಂದೇ ಇದ್ದ ಮಾತ್ರಕ್ಕೆ ಒಬ್ಬರಿಂದ ಒಬ್ಬರಿಗೆ ಹೋಯಿತು ಅನ್ನಲಾಗದು. ಹೆಚ್ಚಿನ ಮನೆಗಳಲ್ಲಿ ಇದು ಅಂಗನವಾಡಿಯಿಂದ ಮಗುವಿಗೆ, ಮಗುವಿನಿಂದ ತಾಯಿ-ತಂದೆಗೆ, ಅಜ್ಜ-ಅಜ್ಜಿಗೆ ಹೋಗುತ್ತದೆ, ನಿಜ. ಹಾಗಂತ ಮೂರು ವರ್ಷದ ಕೂಸನ್ನು ಅಜ್ಜನ ತೊಡೆಯಿಂದ ಇಳಿಸಿ ದೂರ ಕೂರಿಸಿದರೆ ಇಬ್ಬರಿಗೂ ಸಂಕಟ, ಲಾಭ ಏನಿಲ್ಲ. ಮಗುವಿಗೆ ನೆಗಡಿ ಜೋರಾಗಿದ್ದಾಗ ನಾಲ್ಕು ದಿನ ಅಜ್ಜನ ಪಕ್ಕ ಮಲಗಿಸಬೇಡಿ, ಒಂದೇ ಲೋಟ, ಒಂದೇ ಟವೆಲ್ ಬೇಡ, ಮೂಗು ಒರೆಸಿದ ಕೈ ಸೋಪಿನಲ್ಲಿ ತೊಳೆಯಿರಿ. ಅಷ್ಟು ಸಾಕು.

ಮಕ್ಕಳಿಂದ ಹಿರಿಯರಿಗೆ ಹೋಗುವ ಈ ದಾರಿಯನ್ನು ನಿಜವಾಗಿ ಕಡಿದಿದ್ದು ಲಸಿಕೆ. ಅಮೆರಿಕದಲ್ಲಿ 2000ದಲ್ಲಿ ಕೂಸುಗಳಿಗೆ ನ್ಯುಮೋಕಾಕಲ್ ಕಾಂಜುಗೇಟ್ ಲಸಿಕೆ, ಅಂದರೆ ಪಿಸಿವಿ, ಶುರು ಮಾಡಿದರು. ಕೂಸುಗಳ ಮೂಗಿನಿಂದ ಆ ಲಸಿಕೆಯಲ್ಲಿದ್ದ ತಳಿಗಳು ಹೆಚ್ಚುಕಡಿಮೆ ಮಾಯವಾದವು. ಕೆಲವೇ ವರ್ಷಗಳಲ್ಲಿ, ಲಸಿಕೆಯನ್ನೇ ಹಾಕಿಸಿಕೊಳ್ಳದ ಅಜ್ಜ-ಅಜ್ಜಿಯರಲ್ಲೂ ಆ ತಳಿಗಳ ರೋಗ ಇಳಿಯಿತು! ಮೊಮ್ಮಕ್ಕಳ ತೊಡೆಗೆ ಚುಚ್ಚಿದ ಸೂಜಿ ಅಜ್ಜನನ್ನು ಕಾಪಾಡಿತು. ಖಾಲಿಯಾದ ಜಾಗಕ್ಕೆ ಲಸಿಕೆಯಲ್ಲಿಲ್ಲದ ಬೇರೆ ತಳಿಗಳು ಬಂದು ಸೇರಿದ್ದೂ ನಿಜ. ಅದಕ್ಕೇ ಲಸಿಕೆಗೆ ತಳಿಗಳನ್ನು ಸೇರಿಸುತ್ತಾ ಹೋಗುತ್ತಿದ್ದಾರೆ. ನಮ್ಮ ದೇಶದ ಸರ್ಕಾರಿ ಕಾರ್ಯಕ್ರಮದಲ್ಲಿ ಪಿಸಿವಿ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಶುರುವಾಗಿ, 2021ರಲ್ಲಿ ದೇಶದ ಎಲ್ಲ ಕಡೆಗೂ ಬಂತು. ಒಂದೂವರೆ ತಿಂಗಳಿಗೆ, ಮೂರೂವರೆ ತಿಂಗಳಿಗೆ, ಒಂಬತ್ತು ತಿಂಗಳಿಗೆ, ಮೂರು ಡೋಸ್, ಉಚಿತ. ನಿಮ್ಮ ಮಗಳ ತಾಯಿ ಕಾರ್ಡ್ ತೆಗೆದು ಪಿಸಿವಿ ಅಂತ ಮೂರು ಕಡೆ ತಾರೀಖು ಬಿದ್ದಿದೆಯಾ ನೋಡಿ. ಬಿಟ್ಟುಹೋಗಿದ್ದರೆ ಆಶಾ ಕಾರ್ಯಕರ್ತೆಯನ್ನೋ ಮಕ್ಕಳ ಡಾಕ್ಟರನ್ನೋ ಕೇಳಿ. ಎಲ್ಲಾ ಹಾಕಿಸಿದ್ದರೂ ಅವಳ ಗಂಟಲಲ್ಲಿ ರೋಗಾಣು ಸಿಕ್ಕಿತಲ್ಲ ಎಂದು ಲಸಿಕೆ ಮೇಲೆ ಸಿಟ್ಟಾಗಬೇಡಿ. ಲಸಿಕೆಯಲ್ಲಿ ಇರುವುದು ಹೆಚ್ಚು ಕಾಡುವ ಕೆಲವು ತಳಿಗಳು ಮಾತ್ರ.

ಈಗ ಮಾತ್ರೆ ಯಾಕೆ ಬೇಡ ಅನ್ನುವುದಕ್ಕೆ ಕಾರಣ ಹೇಳುತ್ತೇನೆ. ಒಂದು ಕೋರ್ಸ್ ಅಜಿತ್ರೊಮೈಸಿನ್ ನುಂಗಿದರೆ ಈ ರೋಗಾಣು ಸದ್ಯಕ್ಕೆ ಹೋಗಬಹುದು. ಮಗಳು ಅಂಗನವಾಡಿಗೆ ಹೋಗುತ್ತಾಳೆ, ನೀವು ಅಡತಿಗೆ ಹೋಗುತ್ತೀರಿ, ಕೆಲವು ವಾರಕ್ಕೆ ಮತ್ತೆ ಬರುತ್ತದೆ. ಈ ಸಲ ಆ ಔಷಧಿಗೆ ಬಗ್ಗದ ತಳಿ ಬರುವ ಸಾಧ್ಯತೆ ಜಾಸ್ತಿ, ಯಾಕಂದ್ರೆ ಬಗ್ಗುವಂಥವನ್ನೆಲ್ಲ ನೀವೇ ಗುಡಿಸಿ ಹಾಕಿರುತ್ತೀರಿ. ಈ ರೋಗಾಣುವಿಗೆ ಇನ್ನೊಂದು ಚಾಳಿ ಇದೆ. ಸತ್ತ ಪಕ್ಕದವನ ವಂಶವಾಹಿ ಚೂರನ್ನು ಎತ್ತಿಕೊಂಡು ತನ್ನದಾಗಿಸಿಕೊಳ್ಳುತ್ತದೆ. 1928ರಲ್ಲಿ ಫ್ರೆಡರಿಕ್ ಗ್ರಿಫಿತ್ ಇದೇ ನ್ಯುಮೋಕಾಕಸ್‌ನಲ್ಲಿ ಈ ಚಮತ್ಕಾರ ಕಂಡರು. ಸತ್ತ ಅಪಾಯದ ತಳಿಯ ಜೊತೆ ಬದುಕಿರುವ ಸಾಧು ತಳಿ ಬೆರೆಸಿ ಇಲಿಗೆ ಕೊಟ್ಟರೆ ಸಾಧು ತಳಿಯೇ ಅಪಾಯದ್ದಾಗಿ ಬದಲಾಗಿತ್ತು. ಆ ಜಾಡು ಹಿಡಿದು 1944ರಲ್ಲಿ ಓಸ್ವಾಲ್ಡ್ ಆವೆರಿ ಮತ್ತು ಜೊತೆಗಾರರು ವಂಶದ ಗುಣ ಸಾಗಿಸುವುದು ಡಿಎನ್‌ಎ ಎಂದು ತೋರಿಸಿದರು. ನಿಮ್ಮ ಗಂಟಲಲ್ಲಿ ಕೂತಿರುವುದು ಸಾಮಾನ್ಯದ ಜೀವಿ ಅಲ್ಲ! ಈ ಚಾಳಿಯಿಂದಲೇ ಔಷಧಿಗೆ ಬಗ್ಗದ ಗುಣವನ್ನೂ ಬಾಯಲ್ಲಿರುವ ದಾಯಾದಿಗಳಿಂದ ಅದು ಎತ್ತಿಕೊಳ್ಳುತ್ತದೆ. ಆಮೇಲೆ ಮುಂದೊಂದು ದಿನ ತಂದೆಯವರಿಗೆ ಮತ್ತೆ ನ್ಯುಮೋನಿಯಾ ಬಂದರೆ ಸುಲಭದ ಔಷಧಿ ಕೆಲಸ ಮಾಡದೆ ಹೋಗಬಹುದು.

ನಿಮ್ಮ ಖರ್ಚು, ಕಾಳಜಿ ಎರಡನ್ನೂ ತಂದೆಯವರ ಕಡೆ ತಿರುಗಿಸಿ. ಒಮ್ಮೆ ಬಂದ ಮಾತ್ರಕ್ಕೆ ಮತ್ತೆ ಬರುವುದಿಲ್ಲ ಎಂದಿಲ್ಲ. ದೊಡ್ಡವರಿಗೂ ಈ ಲಸಿಕೆ ಇದೆ, ಸರ್ಕಾರದಿಂದ ಉಚಿತ ಅಲ್ಲ, ಹಣ ಕೊಟ್ಟು ಹಾಕಿಸಬೇಕು. ನೆದರ್ಲೆಂಡ್ಸ್‌ನಲ್ಲಿ 65 ದಾಟಿದ ಸುಮಾರು 85,000 ಜನರ ಮೇಲೆ 13 ತಳಿಗಳಿರುವ ಪಿಸಿವಿ 13 ಪರೀಕ್ಷಿಸಿದ್ದರು. 2015ರಲ್ಲಿ ಬಂದ ಫಲಿತಾಂಶದಲ್ಲಿ, ಲಸಿಕೆಯಲ್ಲಿರುವ ತಳಿಗಳಿಂದ ಬರುವ ನ್ಯುಮೋನಿಯಾ ಸುಮಾರು 45 ಪ್ರತಿಶತ, ರಕ್ತದಂಥ ಕಡೆಗೆ ಇಳಿಯುವ ತೀವ್ರ ರೋಗ 75 ಪ್ರತಿಶತ ಕಡಿಮೆಯಾಗಿತ್ತು. ಪೂರ್ತಿ ರಕ್ಷಣೆ ಅಲ್ಲ, ಆದರೆ 68ರ ವಯಸ್ಸಿಗೆ, ಶುಗರ್ ಇರುವವರಿಗೆ ದೊಡ್ಡ ಉಪಕಾರ. ಈಗ ಅದಕ್ಕಿಂತ ಹೆಚ್ಚು ತಳಿಗಳಿರುವ ಲಸಿಕೆಗಳೂ ಬಂದಿವೆ. ಯಾವುದು, ಯಾವಾಗ ಅನ್ನುವುದನ್ನು ಅವರಿಗೆ ಚಿಕಿತ್ಸೆ ಕೊಟ್ಟ ಡಾಕ್ಟರ್ ಹತ್ತಿರ ಡಿಸ್ಚಾರ್ಜ್ ಕಾರ್ಡ್ ತೋರಿಸಿ ಕೇಳಿ. ವರ್ಷಕ್ಕೊಮ್ಮೆ ಫ್ಲೂ ಲಸಿಕೆಯನ್ನೂ ಕೇಳಿ, ಯಾಕೆಂದು ಮೇಲೆ ಹೇಳಿದ್ದೇನೆ. ಬೀಡಿ ವಿಷಯ ನೀವು ಹೇಳಿದರೆ ಕೇಳಲಿಕ್ಕಿಲ್ಲ, ಡಾಕ್ಟರ ಬಾಯಿಂದಲೇ ಹೇಳಿಸಿ. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಬಿಡುವವರು ಹೆಚ್ಚು.

ಲಕ್ಷಣ ಗೊತ್ತಿರಲಿ. ಮೈ ನಡುಗಿಸುವ ಜ್ವರ, ಉಸಿರೆಳೆದಾಗ ಎದೆಯ ಒಂದು ಪಕ್ಕ ಚುಚ್ಚುವ ನೋವು, ತುಕ್ಕಿನ ಬಣ್ಣದ ಕಫ, ಮಾತಾಡಲೂ ಆಗದ ದಮ್ಮು. ದೊಡ್ಡವರಲ್ಲಿ ಉಸಿರು ನಿಮಿಷಕ್ಕೆ 30 ಮುಟ್ಟಿದರೆ, ಒಂದರಿಂದ ಐದು ವರ್ಷದ ಮಗುವಿನಲ್ಲಿ 40 ಮುಟ್ಟಿದರೆ ಕಾಯಬೇಡಿ. ಮಗುವಿನ ಉಸಿರು ಎಣಿಸುವಾಗ ಅದು ಅಳುತ್ತಿರಬಾರದು, ಅಂಗಿ ಮೇಲೆತ್ತಿ ಪೂರ್ತಿ ಒಂದು ನಿಮಿಷ ಎಣಿಸಿ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಕಪಾಟಿನಲ್ಲಿದ್ದರೆ ಹೊಸ ಸೆಲ್ ಹಾಕಿ ಇಡಿ, 94ಕ್ಕಿಂತ ಕೆಳಗೆ ಇಳಿದರೆ ಹೊರಡಿ. ವಯಸ್ಸಾದವರಲ್ಲಿ ಜ್ವರವೇ ಇಲ್ಲದೆ ಬರುವುದೂ ಉಂಟು, ಇದನ್ನು ಮರೆಯಬೇಡಿ. ಊಟ ಬೇಡ ಅನ್ನುತ್ತಾರೆ, ಮಂಕಾಗಿ ಮಲಗುತ್ತಾರೆ, ಏನೇನೋ ಮಾತಾಡುತ್ತಾರೆ. "ವಯಸ್ಸಾಯ್ತು, ಹಂಗೇ" ಅಂದುಕೊಂಡು ಎರಡು ದಿನ ಕಳೆದು ಕರೆತರುವವರು ಬಹಳ.

ಕೊನೆಗೆ ನಿಮ್ಮ ಹದಿನೈದು ದಿನದ ಪ್ರಶ್ನೆ. ಮತ್ತೆ ಸ್ವಾಬ್ ಮಾಡಿಸಬೇಡಿ. ನೆಗೆಟಿವ್ ಬಂದರೂ ಮುಂದಿನ ತಿಂಗಳು ಪಾಸಿಟಿವ್ ಆಗಬಹುದು, ಪಾಸಿಟಿವ್ ಬಂದರೂ ನಾನು ಹೇಳುವುದು ಇದೇ ಆಗಿರುತ್ತದೆ. ನಿಮ್ಮ ಹೆಂಡತಿಯ ಸ್ವಾಬಿನಲ್ಲಿ ಈ ಸಲ ಬಂದಿಲ್ಲವಲ್ಲ, ಅವರಿಗೂ ಹೀಗೇ ಹೇಳಿ. ಅಡತಿಗೆ ಹೋಗಿ, ಮಗಳನ್ನು ಅಂಗನವಾಡಿಗೆ ಕಳಿಸಿ. ಟೆಸ್ಟಿಗೆ ಎತ್ತಿಟ್ಟ ದುಡ್ಡಿದ್ದರೆ ತಂದೆಯವರ ಲಸಿಕೆಗೆ ಹಾಕಿ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನೂ ಅದರ ಜೊತೆಗೇ ಮಾಡಿಸಿ.